ದೊಡ್ಡಪ್ಪನ ಕಾರು, ಎಸಿ ಫಿಲ್ಟರ್ ಮತ್ತು ಹನ್ನೊಂದು ಕಾಫಿ ಬೀಜ

ಜೂನ್ ಎರಡನೇ ವಾರ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಕೊಡಗಿನ ಮಾದಾಪುರದಿಂದ ದೊಡ್ಡಪ್ಪ ಫೋನ್ ಮಾಡಿದರು. "ಕಾರೊಳಗೆ ಏನೋ ಸತ್ತಿದೆ ಕಣೋ. ಫ್ಯಾನ್ ಹಾಕಿದ್ರೆ ನಾತ. ಹಾಕದಿದ್ರೆ ಗ್ಲಾಸ್ ಕಾಣಲ್ಲ. ಭಾನುವಾರ ಬಾ."

ನಾನು ಮೆಕ್ಯಾನಿಕ್ ಅಲ್ಲ. ಸುಂಟಿಕೊಪ್ಪದಲ್ಲಿ ಮನೆ, ಕುಶಾಲನಗರದಲ್ಲಿ ಕೆಲಸ. ನನ್ನ ಕಾರಿನ ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ, ಅಷ್ಟೇ. ಆದರೆ ನಮ್ಮ ಮನೆತನದಲ್ಲಿ ಒಂದು ಸಲ ವೈಪರ್ ಬ್ಲೇಡ್ ಬದಲಾಯಿಸಿದವನು ಆಮೇಲೆ ಎಲ್ಲರ ಕಾರಿಗೂ ಡಾಕ್ಟರು.

ಕಾರು ಎಂಟು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಸಿಗೆ ಬಟನ್ ಇಲ್ಲ, ತಿರುಗಿಸುವ ಗುಂಡಿ ಮತ್ತು ಎಳೆಯುವ ಲಿವರ್. ಮೀಟರ್‌ನಲ್ಲಿ 38,000 ಕಿ.ಮೀ. ಮಾತ್ರ. ಸಂತೆ, ಆಸ್ಪತ್ರೆ, ಮದುವೆ ಬಿಟ್ಟರೆ ಅದು ಹೊರಗೆ ಬರುವುದೇ ಕಡಿಮೆ. ತೋಟದ ಓಡಾಟಕ್ಕೆ ಹಳೆ ಜೀಪು ಇದೆ.

ಗ್ಲಾಸ್ ಕಾಣುವುದಿಲ್ಲ ಅನ್ನುವುದನ್ನು ನಾನು ಸುಮ್ನೆ ಬಿಡುವ ಹಾಗಿರಲಿಲ್ಲ. ಅವರು ಮಡಿಕೇರಿಗೆ ಹೋಗುವುದು ಹಟ್ಟಿಹೊಳೆ, ಮಕ್ಕಂದೂರು ದಾರಿಯಲ್ಲಿ. 2018ರ ಆಗಸ್ಟ್‌ನಲ್ಲಿ ಆ ಕಡೆ ಗುಡ್ಡ ಕುಸಿದದ್ದನ್ನು ಕಂಡವರು ಮಳೆಗಾಲದಲ್ಲಿ ಆ ರಸ್ತೆಗೆ ಇಳಿದರೆ ಎಡಗಡೆ ಗುಡ್ಡದ ಬರೆಯನ್ನೂ ಬಲಗಡೆ ಪಾತಾಳವನ್ನೂ ನೋಡಿಕೊಂಡೇ ಓಡಿಸುತ್ತಾರೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ಬಟ್ಟೆಯಲ್ಲಿ ಒಳಗಿನಿಂದ ಗ್ಲಾಸ್ ಒರೆಸುತ್ತಾ, ದೊಡ್ಡಪ್ಪ ಆ ಒರೆಸಿದ ಕಿಂಡಿಯಲ್ಲಿ ಇಣುಕಿ ಓಡಿಸುತ್ತಾ ಹೋಗುತ್ತಿದ್ದರಂತೆ.

ನಾನು ಹೋಗುವ ಮೊದಲೇ ಒಂದಷ್ಟು ಚಿಕಿತ್ಸೆ ನಡೆದಿತ್ತು. ಒಂದು ಗ್ಯಾರೇಜಿನಲ್ಲಿ ಎಸಿ ಗ್ಯಾಸ್ ತುಂಬಿಸಿದ್ದರು. ಎರಡು ದಿನ ಸರಿ ಅನ್ನಿಸಿತಂತೆ, ಮೂರನೇ ದಿನ ಅದೇ ಕಥೆ. ನಾತಕ್ಕೆ ಮಲ್ಲಿಗೆ ವಾಸನೆಯ ಒಂದು ಡಬ್ಬಿಯನ್ನು ಗಾಳಿ ಬರುವ ಕಿಂಡಿಗೇ ಸಿಕ್ಕಿಸಿದ್ದರು. ಈಗ ಕಾರೊಳಗೆ ಮಲ್ಲಿಗೆ ಮತ್ತು ನಾತ ಎರಡೂ ಸೇರಿ ಸಾವಿನ ಮನೆಯ ಹಾಗಿತ್ತು. ಹೊರಗಿನ ಗಾಜಿಗೆ ಹೊಗೆಸೊಪ್ಪು ಉಜ್ಜಿದ್ದರು. ಅದು ಹಳೆ ಡ್ರೈವರುಗಳ ವಿದ್ಯೆ, ಹೊರಗಡೆ ಮಳೆ ನೀರು ಹನಿಯಾಗಿ ನಿಲ್ಲದೆ ಜಾರುತ್ತದೆ. ಆದರೆ ಇಲ್ಲಿ ಹಬೆ ಕೂರುತ್ತಿದ್ದದ್ದು ಒಳಗೆ.

ಗ್ಯಾಸ್ ಅಲ್ಲ

ಕಾರು ಶೆಡ್‌ನಿಂದ ಹೊರಗೆ ತೆಗೆಸಿ ಸ್ಟಾರ್ಟ್ ಮಾಡಿಸಿದೆ. ಕೈಗೆ ಒಂದು ಸ್ಪ್ಯಾನರ್ ಕೂಡ ತೆಗೆದುಕೊಳ್ಳದೆ ಹತ್ತು ನಿಮಿಷದಲ್ಲಿ ಮುಕ್ಕಾಲು ಉತ್ತರ ಸಿಕ್ಕಿತು. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಫ್ಯಾನ್ ಒಂದರಲ್ಲಿಟ್ಟೆ, ಎರಡಕ್ಕೆ ತಿರುಗಿಸಿದೆ, ನಾಲ್ಕಕ್ಕೆ ಹಾಕಿದೆ. ಸದ್ದು ಏರುತ್ತಾ ಹೋಯಿತು. ಕಿಂಡಿಯ ಮುಂದೆ ಟಿಶ್ಯೂ ಕಾಗದ ಹಿಡಿದರೆ ಅದು ಸೋಮಾರಿಯ ಹಾಗೆ ಒಂದಿಷ್ಟು ಅಲ್ಲಾಡಿತು. ಸದ್ದು ಏರುತ್ತಿದೆ, ಗಾಳಿ ಏರುತ್ತಿಲ್ಲ. ಅಂದರೆ ಮೋಟಾರ್ ತಿರುಗುತ್ತಿದೆ, ದಾರಿಯಲ್ಲಿ ಏನೋ ಅಡ್ಡ ಇದೆ.

ಬರುತ್ತಿದ್ದ ಆ ಒಂದಿಷ್ಟು ಗಾಳಿಗೆ ಕೈ ಹಿಡಿದೆ. ತಣ್ಣಗೆ ಕೊರೆಯುತ್ತಿತ್ತು. ಗ್ಯಾಸ್ ಕಡಿಮೆಯಾಗಿದ್ದರೆ ಗಾಳಿ ಜೋರಾಗಿ ಬಂದು ಬೆಚ್ಚಗಿರಬೇಕು. ಇಲ್ಲಿ ಉಲ್ಟಾ. ಗ್ಯಾಸ್ ತುಂಬಿಸಿದ ದುಡ್ಡು ಅಲ್ಲಿಗೆ ನೀರಿಗೆ ಹಾಕಿದ ಹೋಮ. ದೊಡ್ಡಪ್ಪನ ಮುಖ ನೋಡಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಹೊರಗಾಳಿ–ಒಳಗಾಳಿ ಲಿವರ್. ಹೊರಗಾಳಿಗೆ ಎಳೆದರೂ ಅಷ್ಟೇ, ಒಳಗಾಳಿಗೆ ತಳ್ಳಿದರೂ ಅಷ್ಟೇ. ಇದು ದೊಡ್ಡ ಸುಳಿವು. ಹೊರಗಾಳಿಯಲ್ಲಿ ಮಾತ್ರ ಕಮ್ಮಿಯಾಗಿದ್ದರೆ ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದೆ ಅನ್ನಬಹುದಿತ್ತು. ಎರಡರಲ್ಲೂ ಕಮ್ಮಿ ಅಂದರೆ ಎರಡು ದಾರಿ ಸೇರಿದ ಮೇಲೆ ಅಡ್ಡ ಇದೆ. ಅಲ್ಲಿರುವುದು ಫಿಲ್ಟರ್, ಅದರ ಮುಂದೆ ಎಸಿಯ ತಣ್ಣನೆ ಕಾಯಿಲ್.

ಗ್ಲಾಸ್ ಮಂಜಾಗುವುದಕ್ಕೂ ಇದೇ ಕಾರಣ. ಮಳೆಯಲ್ಲಿ ಗಾಜು ತಣ್ಣಗಿರುತ್ತದೆ. ನಮ್ಮ ಉಸಿರು, ಒದ್ದೆ ಬಟ್ಟೆ, ನೀರು ಸೋರುವ ಕೊಡೆ, ಇವುಗಳ ತೇವ ಹೋಗಿ ಗಾಜಿನ ಮೇಲೆ ಕೂರುತ್ತದೆ. ಎಸಿ ಹಾಕಿದಾಗ ಗಾಳಿಯ ತೇವ ಕಾಯಿಲ್ ಮೇಲೆ ನೀರಾಗಿ ಇಳಿದು ಕಾರಿನ ಅಡಿಗೆ ಸೋರಿಹೋಗುತ್ತದೆ, ಒಣ ಗಾಳಿ ಗಾಜಿಗೆ ಬಡಿಯುತ್ತದೆ. ಅದಕ್ಕೇ ಚಳಿಯಲ್ಲೂ ಎಸಿ ಹಾಕಬೇಕು. ಬೆಚ್ಚಗೆ ಬೇಕಿದ್ದರೆ ಪಕ್ಕದ ಗುಂಡಿಯನ್ನು ಬಿಸಿಯ ಕಡೆ ತಿರುಗಿಸಿದರಾಯಿತು, ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಲಿವರ್ ಮಾತ್ರ ಹೊರಗಾಳಿಯಲ್ಲಿರಬೇಕು, ಇಲ್ಲದಿದ್ದರೆ ಅದೇ ಒದ್ದೆ ಉಸಿರು ಒಳಗೇ ಸುತ್ತುತ್ತದೆ. ಆದರೆ ಗಾಳಿಯೇ ಬರದಿದ್ದರೆ ಒಣಗಿಸುವುದು ಯಾವುದನ್ನು? ಇನ್ನೊಂದು ತಾಪತ್ರಯ ಏನೆಂದರೆ, ಗಾಳಿ ತೀರಾ ಕಮ್ಮಿಯಾದರೆ ಕಾಯಿಲ್ ಮೇಲೆ ನೀರು ಮಂಜುಗಡ್ಡೆಯಾಗಿ ಕಟ್ಟಿ ಇದ್ದ ಸಂದಿಯೂ ಮುಚ್ಚಿಹೋಗಬಹುದು.

"ಫಿಲ್ಟರ್ ಬದಲಾಯಿಸಿದ್ದೀರಾ ದೊಡ್ಡಪ್ಪ?" ಅಂತ ಕೇಳಿದೆ.

"ಹೋದ ವರ್ಷವೇ ಬದಲಾಯಿಸಿದ್ದಾರೆ. ಬಿಲ್ ಇದೆ" ಅಂದರು. ಬಾನೆಟ್ ಎತ್ತಿ ಒಂದು ಕಪ್ಪು ಡಬ್ಬ ತೋರಿಸಿದರು. "ಇದೇ ಅಲ್ವಾ?"

ಅದು ಇಂಜಿನ್ನಿನ ಏರ್ ಫಿಲ್ಟರ್. ಇಂಜಿನ್ ಉಸಿರಾಡುವ ಗಾಳಿಗೆ ಅದು, ನಾವು ಉಸಿರಾಡುವ ಗಾಳಿಗೆ ಬೇರೆಯೇ ಒಂದಿದೆ. ಅದನ್ನು ಕ್ಯಾಬಿನ್ ಫಿಲ್ಟರ್ ಅಂತಲೂ ಕರೆಯುತ್ತಾರೆ, ಅಂಗಡಿಯಲ್ಲಿ ಎಸಿ ಫಿಲ್ಟರ್ ಅಂದರೆ ತಕ್ಷಣ ಗೊತ್ತಾಗುತ್ತದೆ. ಸರ್ವೀಸ್ ಮಾಡಿದವರು ಬಿಲ್ಲಿಗೆ ಬರೆದು ಕೆಲಸ ಮಾಡದೆ ಬಿಟ್ಟಿದ್ದಾರೆ ಅಂತ ನನಗೂ ಮೊದಲು ಅನುಮಾನ ಬಂದಿತ್ತು. ಬಿಲ್ ತರಿಸಿ ಓದಿದೆ. 'ಏರ್ ಫಿಲ್ಟರ್' ಅಂತ ಸ್ಪಷ್ಟವಾಗಿತ್ತು, ಡಬ್ಬ ಬಿಚ್ಚಿ ನೋಡಿದರೆ ಹೊಸದೇ ಇತ್ತು. ಪಾಪ, ಅವರ ತಪ್ಪಿಲ್ಲ. ಹಳೆ ಬಿಲ್ಲುಗಳನ್ನೆಲ್ಲ ಮಗುಚಿದಾಗ ಎಸಿ ಫಿಲ್ಟರ್ ಅನ್ನುವ ಮಾತು ಸಿಕ್ಕಿದ್ದು ಒಂದೇ ಕಡೆ, ಅದೂ ನಾಲ್ಕು ವರ್ಷದ ಹಿಂದೆ.

ಡಬ್ಬದ ಹಿಂದೆ

ಜಾಸ್ತಿ ಕಾರುಗಳಲ್ಲಿ ಈ ಫಿಲ್ಟರ್ ಇರುವುದು ಗ್ಲೋವ್ ಬಾಕ್ಸ್ ಹಿಂದೆ. ಕೆಲವದರಲ್ಲಿ ಬಾನೆಟ್ ಎತ್ತಿ ವೈಪರ್ ಕೆಳಗಿನ ಪ್ಲಾಸ್ಟಿಕ್ ತೆಗೆಯಬೇಕು, ಇನ್ನು ಕೆಲವದರಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಕಾಲಿಡುವ ಜಾಗದಲ್ಲಿ ಮಲಗಿ ಕೈ ಹಾಕಬೇಕು. ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಫಿಲ್ಟರ್‌ಗೆ ಜಾಗ ಇದ್ದರೂ ಕಂಪನಿಯಿಂದ ಫಿಲ್ಟರ್ ಹಾಕಿರುವುದಿಲ್ಲ, ಅದನ್ನೂ ಮೊದಲೇ ನೋಡಿಕೊಳ್ಳಿ.

ದೊಡ್ಡಪ್ಪನದ್ದು ಗ್ಲೋವ್ ಬಾಕ್ಸ್ ಜಾತಿ. ಮೊದಲು ಖಾಲಿ ಮಾಡಿದೆ. ಇನ್ಶೂರೆನ್ಸ್ ಕಾಗದ, ಗಿಡ ಸವರುವ ಕತ್ತರಿ, ಪೊಟ್ಟಣದಲ್ಲಿ ಕರಿಮೆಣಸು, ಒಣಗಿ ಚಕ್ಕೆಯಾದ ಕಿತ್ತಳೆ ಸಿಪ್ಪೆ, ಯಾರದೋ ಮದುವೆ ಕರೆಯೋಲೆ ಮೂರು. ಕತ್ತರಿ ನೋಡಿ ದೊಡ್ಡಪ್ಪ, "ಇದನ್ನೇ ಎರಡು ತಿಂಗಳಿಂದ ಹುಡುಕ್ತಿದ್ದೆ" ಅಂದರು.

ಬಾಕ್ಸ್‌ನ ಒಂದು ಪಕ್ಕ ಸಣ್ಣ ದಾರದ ಹಾಗೆ ಒಂದು ಡ್ಯಾಂಪರ್ ಇರುತ್ತದೆ, ಬಾಕ್ಸ್ ಧಡ್ಡನೆ ಬೀಳದಿರಲಿ ಅಂತ. ಅದರ ಕೊಕ್ಕೆಯನ್ನು ಮೊದಲು ಬಿಡಿಸಬೇಕು. ಆಮೇಲೆ ಬಾಕ್ಸ್‌ನ ಎರಡೂ ಪಕ್ಕವನ್ನು ಅಂಗೈಯಿಂದ ಒಳಕ್ಕೆ ಒತ್ತಿದರೆ ತಡೆಗಳು ಬಿಟ್ಟುಕೊಂಡು ಅದು ಪೂರ್ತಿ ಕೆಳಗೆ ಜೋತುಬೀಳುತ್ತದೆ. ಇಲ್ಲಿ ಆತುರ ಬೇಡ. ಹಳೆ ಪ್ಲಾಸ್ಟಿಕ್ ಚಳಿಗೆ ಹಪ್ಪಳದ ಹಾಗೆ ಆಗಿರುತ್ತದೆ. ನನ್ನ ಸ್ವಂತ ಕಾರಿನದ್ದನ್ನು ಒಮ್ಮೆ ಹೀಗೇ ಮುರಿದು ಈಗಲೂ ರಬ್ಬರ್ ಬ್ಯಾಂಡ್ ಹಾಕಿಕೊಂಡು ಓಡಾಡುತ್ತಿದ್ದೇನೆ.

ಹಿಂದೆ ಅಂಗೈ ಅಗಲದ ಉದ್ದನೆ ಕಪ್ಪು ಮುಚ್ಚಳ, ಎರಡು ತುದಿಗೂ ಕ್ಲಿಪ್. ಒಂದು ಕ್ಲಿಪ್ ಬಿಟ್ಟ ಕೂಡಲೇ ನಾತ ಮುಖಕ್ಕೆ ಹೊಡೆಯಿತು. ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಹೋದರು. ನಾನು ಮುಚ್ಚಳ ಹಾಗೇ ಬಿಟ್ಟು ಒಳಗೆ ಹೋಗಿ ಮಾಸ್ಕ್ ಮತ್ತು ರಬ್ಬರ್ ಗ್ಲೌಸ್ ಹಾಕಿಕೊಂಡು ಬಂದೆ. ಅದು ಇಲಿ ಉಚ್ಚೆಯ ವಾಸನೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಇಲಿಜ್ವರ ಬರುವುದು ಅದರಿಂದಲೇ. ನಮ್ಮ ಕಡೆ ತೋಟದಲ್ಲಿ ಕೆಲಸ ಮಾಡುವವರ ಕೈಕಾಲಲ್ಲಿ ಗಾಯ, ತರಚು ಇದ್ದೇ ಇರುತ್ತದೆ. ಬರಿಗೈ ಹಾಕಲೇಬಾರದು.

ಫಿಲ್ಟರ್ ಅಡ್ಡಡ್ಡ ಮಲಗಿತ್ತು, ಕೆಳಗೆ ಫ್ಯಾನ್. ಮೇಲಿಂದ ಕೆಳಕ್ಕೆ ಗಾಳಿ ಎಳೆಯುವ ವ್ಯವಸ್ಥೆ. ಮೆಲ್ಲನೆ ಹೊರಗೆಳೆದೆ. ನೆರಿಗೆ ನೆರಿಗೆಯ ಬಿಳಿ ಬಟ್ಟೆಯಾಗಿರಬೇಕಿದ್ದದ್ದು ಒದ್ದೆ ಗೋಣಿತಾಟಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಒಂದು ಗೂಡು. ಬಾನೆಟ್ ಅಡಿಯ ಹೊದಿಕೆಯಿಂದ ಕಿತ್ತ ಬೂದು ಹತ್ತಿ, ಗೋಣಿಯ ನಾರು, ತೋಟದ ಸಿಲ್ವರ್ ಓಕ್ ಮರದ ಎಲೆ, ಕಾಫಿ ಸಿಪ್ಪೆ, ಹಿಕ್ಕೆ. ಒಂದು ಮೂಲೆಯಲ್ಲಿ ಫಿಲ್ಟರನ್ನೇ ಕಚ್ಚಿ ನಿಂಬೆಹಣ್ಣು ತೂರುವಷ್ಟು ತೂತು ಮಾಡಿತ್ತು. ಆ ತೂತಿಗೂ ಹತ್ತಿ ತುರುಕಿತ್ತು, ಬಹುಶಃ ಕೆಳಗಿಂದ ಗಾಳಿ ಎಳೆಯುತ್ತಿದ್ದದ್ದು ಮರಿಗಳಿಗೆ ಚಳಿಯಾಗಿರಬೇಕು. ಸತ್ತ ಇಲಿ ಇರಲಿಲ್ಲ. ಬದುಕಿದ್ದದ್ದೂ ಇರಲಿಲ್ಲ. ಮನೆ ಖಾಲಿ ಮಾಡಿಕೊಂಡು ಹೋಗಿತ್ತು.

ಫ್ಯಾನ್ ಕೂಡ ಬಿಚ್ಚಬೇಕಾಯಿತು. ಕೀ ತೆಗೆದು, ವೈರಿನ ಕನೆಕ್ಟರ್ ಬಿಡಿಸಿ, ಕೆಳಗಿಂದ ಮೂರು ಸ್ಕ್ರೂ ತೆಗೆದರೆ ಇಳಿಯಿತು. ಅಳಿಲು ಓಡಿಸುವ ಚಕ್ರದಂತಿರುವ ಅದರ ರೆಕ್ಕೆಗಳ ಮಧ್ಯೆ ಕಾಫಿ ಬೀಜ. ಗೂಡಲ್ಲಿದ್ದದ್ದೂ ಸೇರಿಸಿ ಎಣಿಸಿದೆ, ಹನ್ನೊಂದು.

ದೊಡ್ಡಪ್ಪ ಒಂದನ್ನು ಕಡ್ಡಿಯಲ್ಲಿ ಹೊರಳಿಸಿ ನೋಡಿದರು. "ರೊಬಸ್ಟಾ. ನಮ್ಮ ಕಣದ್ದೇ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಿವರಾತ್ರಿ ಹೊತ್ತಿಗೇ ಫ್ಯಾನ್ ಹಾಕಿದ್ರೆ ಕಟಕಟ ಅಂತಿತ್ತು ಕಣೋ. ಮತ್ತೆ ನಿಂತುಹೋಯ್ತು ಅಂತ ಬಿಟ್ಟೆ" ಅಂದರು.

ಆ ಮಾತಿನಿಂದ ಇಡೀ ಕಥೆಗೆ ತಾರೀಖು ಸಿಕ್ಕಿತು.

ಇಲಿ ಬಂದ ದಾರಿ

ರೊಬಸ್ಟಾ ಜಾತಿಯ ಕಾಫಿಯ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಕೊಯ್ದ ಹಣ್ಣು ಕಣದಲ್ಲಿ ಹರಡಿ ಒಣಗುತ್ತಿರುತ್ತದೆ, ಒಣಗಿದ ಚೆರ್ರಿ ಚೀಲದಲ್ಲಿ ಶೆಡ್‌ಗೆ ಹೋಗುತ್ತದೆ. ಅದೇ ಶೆಡ್‌ನಲ್ಲಿ ಕಾರು. ಕೊಯ್ಲಿನ ಸಮಯದಲ್ಲಿ ದೊಡ್ಡಪ್ಪನಿಗೆ ಊಟಕ್ಕೂ ಪುರುಸೊತ್ತಿಲ್ಲ, ಕಾರು ವಾರಗಟ್ಟಲೆ ನಿಂತಿತ್ತು. ಇಲಿಗೆ ಇನ್ನೇನು ಬೇಕು? ಪಕ್ಕದಲ್ಲೇ ಊಟ, ಬೆಚ್ಚನೆ ಮನೆ.

ಕಾರೊಳಗೆ ಕಾರ್ಪೆಟ್ ಎತ್ತಿ ನೋಡಿದೆ, ಸೀಟ್ ಅಡಿ ಟಾರ್ಚ್ ಬಿಟ್ಟೆ. ಒಂದು ಹಿಕ್ಕೆಯೂ ಇಲ್ಲ. ಅಂದರೆ ಅದು ಬಂದದ್ದು ಒಳಗಿಂದಲ್ಲ, ಹೊರಗಾಳಿಯ ದಾರಿಯಿಂದ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಎಡ ತುದಿಯಲ್ಲಿ ಒಂದು ಕ್ಲಿಪ್ ಮುರಿದು ಎರಡು ಬೆರಳು ತೂರುವಷ್ಟು ಎದ್ದಿತ್ತು. ಲಿವರ್ ಯಾವಾಗಲೂ ಹೊರಗಾಳಿಯಲ್ಲೇ. ಜಾಲರಿಯಿಂದ ಫಿಲ್ಟರ್‌ವರೆಗೆ ರಾಜಬೀದಿ.

ಬೇಸಿಗೆಯಲ್ಲಿ ದೊಡ್ಡಪ್ಪ ಎಸಿ ಹಾಕುವುದಿಲ್ಲ, ಕಿಟಕಿ ಇಳಿಸುತ್ತಾರೆ. ಅದಕ್ಕೇ ಮೂರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಮಳೆ ಬಿದ್ದು ಗೂಡು ತೇವ ಹೀರಿ ಉಬ್ಬಿತು, ನಾತ ಎದ್ದಿತು, ಗಾಳಿ ನಿಂತಿತು. ಸರಿಯಾಗಿ ಗಾಳಿ ಬೇಕಾದ ವಾರದಲ್ಲೇ.

ತೊಳೆಯುವ ಕೆಲಸ ಬೇಜಾರಿನದ್ದು, ಬೇಗ ಹೇಳಿ ಮುಗಿಸುತ್ತೇನೆ. ನಾಲ್ಕೂ ಬಾಗಿಲು ತೆರೆದಿಟ್ಟೆ. ಒಣಗಿದ ಹಿಕ್ಕೆಯನ್ನು ಗುಡಿಸುವುದು, ಬ್ಲೋವರ್‌ನಿಂದ ಊದುವುದು, ವ್ಯಾಕ್ಯೂಮ್ ಹಾಕುವುದು ಮೂರೂ ತಪ್ಪು, ಧೂಳು ಗಾಳಿಗೆ ಏಳುತ್ತದೆ. ನೀರಿಗೆ ಬ್ಲೀಚ್ ಬೆರೆಸಿ ಬಟ್ಟೆಯಲ್ಲಿ ಅದ್ದಿ ಎಲ್ಲ ಕಡೆ ಒದ್ದೆ ಮಾಡಿ, ಹತ್ತು ನಿಮಿಷ ಬಿಟ್ಟು ಕಾಗದದಲ್ಲಿ ಹೆಕ್ಕಿದೆ. ನೀರು ಸುರಿಯಲಿಲ್ಲ, ಅಲ್ಲೇ ಪಕ್ಕದಲ್ಲಿ ಕರೆಂಟಿನ ಸಾಮಾನು ಇದೆ. ಗೂಡು, ಫಿಲ್ಟರ್, ಗ್ಲೌಸ್ ಎಲ್ಲ ಒಂದು ಚೀಲಕ್ಕೆ ಹಾಕಿ ಗುಂಡಿ ತೋಡಿ ಹೂತೆವು. ಹೂಳುವ ಮೊದಲು ಫಿಲ್ಟರ್ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದುಕೊಂಡೆ. ಈ ಫೋಟೋ ಆಮೇಲೆ ಉಪಯೋಗಕ್ಕೆ ಬಂತು.

ಹೊಸದು

ಸೋಮವಾರ ಕುಶಾಲನಗರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಫಿಲ್ಟರ್ ಬೇಕು ಅಂದೆ. "ಏರಾ, ಎಸಿಯಾ?" ಅಂತ ಕೇಳಿದರು. ದೊಡ್ಡಪ್ಪ ಎಡವಿದ್ದೂ ಇಲ್ಲೇ. ಕಾರು, ವರ್ಷ ಹೇಳಿದ ಮೇಲೆ ಒಂದು ಕೊಟ್ಟರು. ಫೋಟೋದ ಸ್ಕೇಲ್‌ಗೆ ಹೋಲಿಸಿದರೆ ಅರ್ಧ ಸೆಂಟಿಮೀಟರ್ ಕಿರಿದು. ಅದೇ ಹೆಸರಿನ ಕಾರಿನ ಹೊಸ ಮಾಡೆಲ್‌ನದ್ದಂತೆ. ಅರ್ಧ ಸೆಂಟಿಮೀಟರ್ ತಾನೇ ಅಂತ ಹಾಕಿದರೆ ಗಾಳಿ ಆ ಸಂದಿಯಲ್ಲೇ ನುಗ್ಗುತ್ತದೆ, ಫಿಲ್ಟರ್ ಸುಮ್ನೆ ಅಲಂಕಾರಕ್ಕೆ ಇದ್ದ ಹಾಗೆ. ಬದಲಾಯಿಸಿ ಕೊಟ್ಟರು.

ಎರಡು ಥರ ಇತ್ತು. ಬಿಳಿಯದು 350 ರೂಪಾಯಿ, ಇದ್ದಿಲು ಹಾಕಿದ ಕಪ್ಪು ಬಣ್ಣದ್ದು ಹತ್ತಿರ ಹತ್ತಿರ ಎರಡರಷ್ಟು. ಇದ್ದಿಲು ಹೊಗೆ, ವಾಸನೆಗಳನ್ನು ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಲ್ಲುವವರು ಅದನ್ನೇ ಹಾಕಿಸಲಿ. ನಾನು ಬಿಳಿಯದ್ದು ತಗೊಂಡೆ. ನಮ್ಮಲ್ಲಿ ತೊಂದರೆ ಹೊಗೆಯದಲ್ಲ, ತೇವ ಮತ್ತು ಕಾಫಿ ಹೊಟ್ಟಿನದು. ದುಬಾರಿಯದ್ದು ಹಾಕಿ ಎರಡು ವರ್ಷ ಎಳೆಯುವುದಕ್ಕಿಂತ ಅಗ್ಗದ್ದು ಹಾಕಿ ಪ್ರತಿ ವರ್ಷ ಎಸೆಯುವುದು ಲೇಸು. ತೊಳೆದು ಮತ್ತೆ ಹಾಕುವವರಿದ್ದಾರೆ. ತೊಳೆದರೆ ನೋಡಲು ಬೆಳ್ಳಗಾಗುತ್ತದೆ, ಆದರೆ ಸಣ್ಣ ಧೂಳನ್ನು ಸೆಳೆದು ಹಿಡಿಯುವ ಅದರ ಗುಣ ಹೋಗುತ್ತದೆ.

ಫಿಲ್ಟರ್ ಅಂಚಿನಲ್ಲಿ ಒಂದು ಬಾಣದ ಗುರುತು ಇರುತ್ತದೆ, ಗಾಳಿ ಹೋಗುವ ದಿಕ್ಕು. ಈ ಕಾರಿನಲ್ಲಿ ಅದು ಕೆಳಮುಖ. ಅನುಮಾನ ಬಂದರೆ ಹಳೆಯದರ ಕೊಳಕು ಯಾವ ಕಡೆ ಇದೆ ನೋಡಿ, ಗಾಳಿ ಆ ಕಡೆಯಿಂದ ಬರುತ್ತದೆ. ಅದಕ್ಕೇ ಹಳೆಯದನ್ನು ತಿರುಗಿಸದೆ ಹೊರಗೆಳೆಯಬೇಕು. ಹೊಸದನ್ನು ಮಡಚದೆ ನೇರ ತಳ್ಳಿದೆ, ಮುಚ್ಚಳದ ಎರಡೂ ಕ್ಲಿಪ್ ಟಿಕ್ ಅಂತ ಕೂತದ್ದು ಕೇಳಿಸಿತು. ಡ್ಯಾಂಪರ್ ಸಿಕ್ಕಿಸಿದೆ, ಬಾಕ್ಸ್ ಮೇಲಕ್ಕೆತ್ತಿದೆ. ಈ ಕೆಲಸ ಇಲಿ ಇಲ್ಲದಿದ್ದರೆ ಹತ್ತು ನಿಮಿಷದ್ದು.

ಎಸಿ ಹಾಕಿ ಫ್ಯಾನ್ ಮೂರಕ್ಕಿಟ್ಟೆ. ಟಿಶ್ಯೂ ಕಾಗದ ಕೈಯಿಂದ ಹಾರಿ ಹಿಂದಿನ ಸೀಟಿಗೆ ಹೋಯಿತು. ನಾನು, ದೊಡ್ಡಪ್ಪ, ದೊಡ್ಡಮ್ಮ ಮೂವರೂ ಕಿಟಕಿ ಏರಿಸಿ ಕೂತು ಬೇಕೆಂದೇ ಗಾಜಿಗೆ ಹಬೆ ಊದಿದೆವು. ಎರಡು ನಿಮಿಷದೊಳಗೆ ಎದುರಿನ ಹಲಸಿನ ಮರ ಸ್ಪಷ್ಟವಾಗಿ ಕಂಡಿತು. ದೊಡ್ಡಮ್ಮ ಗ್ಲಾಸ್ ಒರೆಸುವ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ನಾತ ಮಾತ್ರ ಪೂರ್ತಿ ಹೋಗಲಿಲ್ಲ. ವಾರ ಬಿಟ್ಟು ಎಸಿ ಕಾಯಿಲ್‌ಗೆ ಹೊಡೆಯುವ ನೊರೆಯ ಕ್ಲೀನರ್ ತಂದು ಹಾಕಿದೆ, ಅರ್ಧ ಇಳಿಯಿತು. ಮಿಕ್ಕರ್ಧ ಆಗಸ್ಟ್ ಹೊತ್ತಿಗೆ ತಾನೇ ಹೋಯಿತು. ಹೊಸ ಫಿಲ್ಟರ್ ಹಾಕಿದ ದಿನವೇ ಎಲ್ಲ ಸರಿಯಾಗುತ್ತದೆ ಅಂತ ನಾನು ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದು ತಪ್ಪಾಯಿತು.

ಕಿಲೋಮೀಟರ್ ಲೆಕ್ಕ ನಮಗಲ್ಲ

ಹತ್ತು, ಹದಿನೈದು ಸಾವಿರ ಕಿಲೋಮೀಟರಿಗೋ ವರ್ಷಕ್ಕೊಮ್ಮೆಯೋ, ಯಾವುದು ಮೊದಲೋ ಆಗ ಬದಲಾಯಿಸಿ ಅನ್ನುವುದು ಸಾಮಾನ್ಯವಾದ ಲೆಕ್ಕ. ವರ್ಷಕ್ಕೆ ಐದು ಸಾವಿರವೂ ಓಡದ ಕಾರಿಗೆ ಬರೀ ಕಿಲೋಮೀಟರ್ ಲೆಕ್ಕ ಹಿಡಿದರೆ ಎರಡು ಮೂರು ಮಳೆಗಾಲ ಕಳೆದುಹೋಗುತ್ತದೆ. ತೋಟದ ಮನೆಯಲ್ಲಿ ಓಡುವ ಕಾರಿಗಿಂತ ನಿಂತ ಕಾರಿಗೇ ಅಪಾಯ ಜಾಸ್ತಿ. ನನ್ನ ಪ್ರಕಾರ ಇಲ್ಲಿ ಕಾಫಿ ಕ್ಯಾಲೆಂಡರ್ ನೋಡಬೇಕು. ಕಣದ ಕೆಲಸ ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಆಗಿ, ಬೇಸಿಗೆಯ ಕೆಮ್ಮಣ್ಣಿನ ಧೂಳೂ ಅಡಗಿದ ಮೇಲೆ, ಮೇ ಕೊನೆಯ ವಾರ ಹೊಸದು ಹಾಕಬೇಕು. ಕೊಯ್ಲು ನಡೆಯುವಾಗ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಇಣುಕಿದರೆ ಸಾಕು.

ಇಲಿಗೆ ದೊಡ್ಡಪ್ಪನ ಮದ್ದು ನುಸಿಗುಳಿಗೆ. ಅದನ್ನು ಜಾಲರಿಯೊಳಗೆ ಹಾಕುತ್ತೇನೆ ಅಂತ ಹಟ ಹಿಡಿದರು. ನಾನು ಬಿಡಲಿಲ್ಲ. ಅಲ್ಲಿ ಹಾಕಿದ್ದರ ಆವಿಯೆಲ್ಲ ನೇರ ದೊಡ್ಡಮ್ಮನ ಮೂಗಿಗೆ. ಮುರಿದ ಕ್ಲಿಪ್ ಬದಲಾಯಿಸಿ, ಜಾಲರಿಯ ಅಡಿಗೆ ಕಿರುಬೆರಳೂ ತೂರದ ಕಣ್ಣಿನ ತಂತಿ ಬಲೆ ಕತ್ತರಿಸಿ ಕಟ್ಟಿದೆ. ತೀರಾ ಸಣ್ಣ ಕಣ್ಣಿನದ್ದಾದರೆ ಸಿಲ್ವರ್ ಎಲೆ ಕೂತು ಮಳೆ ನೀರು ಇಳಿಯುವುದಿಲ್ಲ. ಕಾರು ನಿಲ್ಲಿಸುವಾಗ ಲಿವರನ್ನು ಒಳಗಾಳಿಗೆ ತಳ್ಳಿ ಅಂತಲೂ ಹೇಳಿದೆ, ಆಗ ಹೊರಗಿನ ಬಾಗಿಲು ಮುಚ್ಚಿರುತ್ತದೆ. ಲಿವರ್ ಇರುವ ಕಾರಲ್ಲಿ ಇಟ್ಟಲ್ಲೇ ನಿಲ್ಲುತ್ತದೆ. ಬಟನ್ ಇರುವ ಕೆಲವು ಕಾರುಗಳು ಆಫ್ ಮಾಡಿದಾಗ ತಾವೇ ಹೊರಗಾಳಿಗೆ ಹೋಗಿಬಿಡುತ್ತವೆ. ಮತ್ತೆ ಹೊರಡುವಾಗ ಹೊರಗಾಳಿಗೆ ಎಳೆಯುವುದು ಮರೆತರೆ ಗ್ಲಾಸ್ ಮಂಜಾಗುತ್ತದೆ, ಅದಕ್ಕೆ ಸ್ಟೇರಿಂಗ್ ಪಕ್ಕ ಒಂದು ಚೀಟಿ ಅಂಟಿಸಿದ್ದೇವೆ.

ಈ ವರ್ಷ ಮಾರ್ಚ್‌ನಲ್ಲಿ ಹೋಗಿ ಮುಚ್ಚಳ ತೆಗೆದೆ. ಫಿಲ್ಟರ್ ಮೇಲೆ ಹೊಟ್ಟಿನ ಧೂಳು, ಅಂಚಿನಲ್ಲಿ ಒಂದು ಸತ್ತ ಹುಳ, ಅಷ್ಟೇ. ತಂತಿ ಬಲೆ ಹಾಗೇ ಇತ್ತು. ಇಲಿ ಜೀಪಿನ ಸೀಟಿಗೆ ಮನೆ ಬದಲಾಯಿಸಿದೆಯಂತೆ. ಜೀಪಿಗೆ ಎಸಿ ಇಲ್ಲ, ಹಾಗಾಗಿ ದೊಡ್ಡಪ್ಪ ಸದ್ಯಕ್ಕೆ ಫೋನ್ ಮಾಡಿಲ್ಲ.